ಪದಚರ್ಚೆ: ‘ತರಬಹುದು’, ‘ತರಲೂಬಹುದು’ – ಹೈಟೆನ್ಷನ್ ಲೈನಿನ ಕರಪತ್ರಕ್ಕೆ ತುರ್ತಾಗಿ ಬೇಕು

ಬಡಾವಣೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗಳ ಪಕ್ಕದಲ್ಲೇ 220 ಕೆವಿ, ಅಂದರೆ 2.2 ಲಕ್ಷ ವೋಲ್ಟಿನ ವಿದ್ಯುತ್ ಲೈನ್ ಹೋಗಿದೆ. ಸಂಘದವರು ಎರಡು ಪುಟದ ಕರಪತ್ರ ಹಾಕಿಸುತ್ತಿದ್ದಾರೆ. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ನಾಳೆ ಬೆಳಗ್ಗೆ ಹತ್ತಕ್ಕೆ ಪ್ರೆಸ್ಸಿಗೆ ಕೊಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ಇಂಥ ಲೈನುಗಳ ಕಾಂತಕ್ಷೇತ್ರವನ್ನು (ಮ್ಯಾಗ್ನೆಟಿಕ್ ಫೀಲ್ಡ್) ತನ್ನ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ 2ಬಿ ಗುಂಪಿಗೆ ಸೇರಿಸಿತು. ಅಲ್ಲಿಯ ಮಾತು ‘ಪಾಸಿಬ್ಲಿ’. ಒಂದು ಮೆಟ್ಟಿಲು ಮೇಲಿನ 2ಎ ಗುಂಪಿಗೆ ‘ಪ್ರಾಬಬ್ಲಿ’. ನಾನು ಎರಡಕ್ಕೂ ‘ಕ್ಯಾನ್ಸರ್ ತರಬಹುದು’ ಅಂತ ಬರೆದು ಕೂತಿದ್ದೇನೆ. ಇನ್ನೊಂದು ತೊಂದರೆ, ಲೈನಿನ ಹತ್ತಿರ ಹಾಕುವ ಎಚ್ಚರಿಕೆ ಬೋರ್ಡಿನದು. ‘ಅಧಿಕ ಒತ್ತಡದಿಂದ ಅಪಾಯ’ ಅಂತ ಬರೆದು ತೋರಿಸಿದರೆ ನಮ್ಮತ್ತೆ ಬಿಪಿ ಮಾತ್ರೆ ನೆನಪು ಮಾಡಿಕೊಂಡರು.

ಅಚ್ಚಗನ್ನಡಿಗ:
‘ಕಾಂತಕ್ಷೇತ್ರ’ ಯಾಕೆ? ನಮ್ಮಲ್ಲಿ ಸೂಜಿಗಲ್ಲು ಇದೆ, ಬಯಲು ಇದೆ. ‘ಸೂಜಿಗಲ್ಲ ಬಯಲು’ ಅನ್ನಿ. ಕಣ್ಣಿಗೆ ಕಾಣದ್ದನ್ನು ವಚನಕಾರರು ಬಯಲು ಅಂದೇ ಕರೆದರು. ವೋಲ್ಟೇಜಿಗೆ ‘ಮಿಂಚೊತ್ತು’.

ಲೈನ್‌ಮ್ಯಾನ್ ಮಗ:
ಮಿಂಚೊತ್ತು ಅಂತ ಬೋರ್ಡ್ ಹಾಕಿದರೆ ಜನ ಸಿಡಿಲು ಬಡಿಯುತ್ತೆ ಅಂತ ಆಕಾಶ ನೋಡುತ್ತಾರೆ. ಊರಲ್ಲಿ ಎಲ್ಲರೂ ಅನ್ನೋದು ಹೈಟೆನ್ಷನ್ ಲೈನ್, ಇಲ್ಲವೇ ಟವರ್ ಲೈನ್. ಅದನ್ನೇ ಬರೆಯಿರಿ.

ಆದರೆ ಮೇಡಂ, ನಿಮ್ಮ ಕರಪತ್ರದಲ್ಲಿ ಪದಕ್ಕಿಂತ ದೊಡ್ಡ ಗೊಂದಲ ಇದೆ ಅನ್ನಿಸುತ್ತಿದೆ. ವೋಲ್ಟೇಜ್ ಮಾಡೋದು ವಿದ್ಯುತ್ ಕ್ಷೇತ್ರ. ಅದನ್ನು ಮನೆ ಗೋಡೆ ಬಹುಪಾಲು ತಡೆಯುತ್ತದೆ. ಕಾಂತಕ್ಷೇತ್ರ ಆಗೋದು ತಂತಿಯಲ್ಲಿ ಹರಿಯುವ ಕರೆಂಟಿನಿಂದ. ಗೋಡೆ ಅದಕ್ಕೆ ಲೆಕ್ಕಕ್ಕಿಲ್ಲ, ದೂರ ಹೋದಷ್ಟೂ ಕಡಿಮೆ. ಕ್ಯಾನ್ಸರ್ ಚರ್ಚೆ ಇರೋದು ಈ ಎರಡನೆಯದರ ಮೇಲೆ.

ಮೊದಲನೆಯದನ್ನು ನಾನು ಕೈಯಾರೆ ಕಂಡಿದ್ದೇನೆ. ನಮ್ಮ ಚಿಕ್ಕಮ್ಮ ಟವರ್ ಲೈನಿನ ಕೆಳಗೆ ಮರದ ಗೂಟಕ್ಕೆ ಕಬ್ಬಿಣದ ತಂತಿ ಕಟ್ಟಿ ಬಟ್ಟೆ ಒಣಗಹಾಕುತ್ತಿದ್ದರು. ಒದ್ದೆ ಸೀರೆ ಎಳೆಯುವಾಗ ಬೆರಳು ಚುರ್ ಅನ್ನೋದು. ಅಪ್ಪ ತಂತಿ ಬಿಚ್ಚಿಸಿ ನೈಲಾನ್ ಹಗ್ಗ ಕಟ್ಟಿಸಿದರು. ಇನ್ನೊಂದು, ‘ವಿಕಿರಣ’ ಅಂತ ಎಲ್ಲಾದರೂ ಬರೆದಿದ್ದರೆ ತೆಗೆಯಿರಿ. 50 ಹರ್ಟ್ಸ್ ಲೈನಿಗೂ ಎಕ್ಸ್‌ರೇಗೂ ಸಂಬಂಧ ಇಲ್ಲ.

ಹಳೇ ಮೇಷ್ಟ್ರು:
‘ಮಳೆ ಬರಬಹುದು’ ಅಂದರೆ ಕೊಡೆ ಹಿಡಿಯುತ್ತೇವೆ. ‘ಮಳೆ ಬರಲೂಬಹುದು’ ಅಂದರೆ ಮೋಡ ನೋಡಿ ಸುಮ್ಮನಾಗುತ್ತೇವೆ. ಆ ‘ಊ’ ಇದೆಯಲ್ಲ, ಬಾರದಿರುವುದನ್ನೂ ಜೊತೆಗೆ ಕರೆದುಕೊಂಡೇ ಬರುತ್ತದೆ. 2ಬಿಗೆ ‘ತರಲೂಬಹುದು’, 2ಎಗೆ ‘ತರುವ ಸಂಭವ ಹೆಚ್ಚು’. ಮುಗೀತು.

ಇನ್ನು ರಿಸ್ಕಿಗೆ ‘ಅಪಾಯ’ ಸಾಲದು, ‘ಜೋಖಿಮು’ ಅನ್ನಿ. ಅದು ನಮ್ಮ ‘ಜೋಕೆ’ಯಿಂದಲೇ ಹುಟ್ಟಿದ್ದು.

ನಿಘಂಟುಪ್ರಿಯ:
ಅಲ್ಲ. ಕಿವಿಗೆ ಒಂದೇ ಥರ ಕೇಳಿಸಿದ್ದಕ್ಕೆಲ್ಲ ನೆಂಟಸ್ತನ ಕಟ್ಟಬೇಡಿ.

‘ತರಲೂಬಹುದು’ ಒಪ್ಪಿದೆ. ಆದರೆ ಆ ಪಟ್ಟಿ ಹೇಳೋದು ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕ್ಷಿ ಎಷ್ಟು ಗಟ್ಟಿ ಅಂತ, ಎಷ್ಟು ಜನಕ್ಕೆ ತರುತ್ತೆ ಅಂತಲ್ಲ. 2ಬಿಯಲ್ಲಿ ಏಷ್ಯಾದ ಸಾಂಪ್ರದಾಯಿಕ ಉಪ್ಪಿನ ತರಕಾರಿಯೂ ಇದೆ. 65 ಡಿಗ್ರಿ ಮೀರಿದ ಬಿಸಿ ಪಾನೀಯ 2016ರಲ್ಲಿ 2ಎಗೇ ಹೋಯಿತು. ಮೇಷ್ಟ್ರೇ, ನಿಮ್ಮ ಹಬೆಯಾಡುವ ಕಾಫಿ ಈ ಲೈನಿಗಿಂತ ಒಂದು ಮೆಟ್ಟಿಲು ಮೇಲಿದೆ!

ಕರಪತ್ರದಲ್ಲಿ ಅಂಕಿಯೂ ಇರಲಿ. 2000ದಲ್ಲಿ ಹಲವು ದೇಶಗಳ ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ, ಕಾಂತಕ್ಷೇತ್ರ ಸರಾಸರಿ 0.4 ಮೈಕ್ರೋಟೆಸ್ಲಾ (ಅದನ್ನು ಅಳೆಯುವ ಮಾನ) ಮೀರಿದ ಮನೆಗಳ ಮಕ್ಕಳಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಸುಮಾರು ಎರಡು ಪಟ್ಟು ಕಂಡಿತು. ಅಂಥ ಮನೆಗಳು ತೀರಾ ಕಡಿಮೆ. ಕಾಂತಕ್ಷೇತ್ರವೇ ಕಾರಣ ಅಂತ ಸಾಬೀತಾಗಿಲ್ಲ, ಹೇಗೆ ಅನ್ನೋದೂ ಗೊತ್ತಾಗಿಲ್ಲ. ‘ಎರಡು ಪಟ್ಟು’ ಒಂದನ್ನೇ ದಪ್ಪಕ್ಷರದಲ್ಲಿ ಹಾಕಿಸಿದರೆ ಅನ್ಯಾಯ.

ಅಚ್ಚಗನ್ನಡಿಗ:
ಮೈಕ್ರೋಟೆಸ್ಲಾ, ಲ್ಯುಕೇಮಿಯಾ, ಹೈಟೆನ್ಷನ್. ಕನ್ನಡ ಎಲ್ಲಿದೆ ಇದರಲ್ಲಿ? ಹೀಗೇ ಎರವಲು ತಂದು ತಂದು ಕೊನೆಗೆ ‘-ಬಹುದು’ ಮಾತ್ರ ಉಳಿಯುತ್ತದೆ.

ಲೈನ್‌ಮ್ಯಾನ್ ಮಗ:
ಮನೆಯಲ್ಲಿ ಫ್ಯೂಸ್ ಹೋದಾಗ ಏನಂತ ಫೋನ್ ಮಾಡ್ತೀರಿ ಸ್ವಾಮಿ? ಸುಮ್ನೆ ಕೇಳಿದೆ.

ಹಳೇ ಮೇಷ್ಟ್ರು:
‘ಕರೆಂಟು ಹೋಯ್ತು’ ಅನ್ನುವಾಗ ಆ ‘ಉ’ ಸೇರಿಸಿದವರು ನಾವೇ ಅಲ್ವಾ? ಅಷ್ಟಕ್ಕೆ ಅದು ನಮ್ಮದಾಯಿತು. ಜೋಕೆ ವಿಷಯ ಮಾತ್ರ ನಾನು ಬಿಟ್ಟಿಲ್ಲ.

ಬಡಾವಣೆಯವಳು:
ಎಲ್ಲರಿಗೂ ಥ್ಯಾಂಕ್ಸ್. ‘ತರಲೂಬಹುದು’ ಹಾಕಿದೆ. ಎರಡು ಪಟ್ಟಿನ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ, ‘ಸಾಬೀತಾಗಿಲ್ಲ’ವೂ ಇದೆ. ‘ವಿಕಿರಣ’ ಮೂರು ಕಡೆ ಇತ್ತು, ತೆಗೆದೆ. ಬೋರ್ಡು ಹೀಗಿದೆ: ‘ಹೈಟೆನ್ಷನ್ ಲೈನ್. ಇಲ್ಲಿ ಗಾಳಿಪಟ ಹಾರಿಸಬೇಡಿ. ಕಬ್ಬಿಣದ ತಂತಿ ಕಟ್ಟಿ ಬಟ್ಟೆ ಒಣಗಹಾಕಬೇಡಿ.’ ಅತ್ತೆ ಓದಿ ನೈಲಾನ್ ಹಗ್ಗ ತರೋಕೆ ಹೇಳಿದ್ದಾರೆ.

ಅಚ್ಚಗನ್ನಡಿಗ:
‘ಕರಪತ್ರ’ವೂ ಸಂಸ್ಕೃತವೇ. ‘ಕೈಹಾಳೆ’ ಅಂತ ಮಾಡಿ, ಇನ್ನೂ ಹತ್ತು ಗಂಟೆ ಆಗಿಲ್ಲ.