ಆಸ್ಪತ್ರೆ ಕಂಪನಿಗಳಿಗೆ ಬಾಕಿ ಹಣ ಎಷ್ಟು ದಿನಕ್ಕೆ ಬರುತ್ತದೆ? ಅನುಭವ ಇದ್ದವರು ಹೇಳಿ

ಡೊಂಬಿವಲಿಯಿಂದ, ಪ್ರಶ್ನೆ:
ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ಆಸ್ಪತ್ರೆ ಕಂಪನಿಯ ಶೇರಿಗೆ ಹಾಕಬೇಕೆಂದಿದ್ದೇನೆ. ಎರಡು ಕಂಪನಿಗಳ ವಾರ್ಷಿಕ ವರದಿ ನೋಡಿದೆ. ಬಾಕಿ ವಸೂಲಿಗೆ ಒಂದಕ್ಕೆ 30 ದಿನ, ಇನ್ನೊಂದಕ್ಕೆ 58 ದಿನ. ಎರಡನೆಯದನ್ನು ಬಿಟ್ಟುಬಿಡಲೇ?

ಪುಣೆಯಿಂದ:
ಅಕ್ಕಾ, ನಾನು ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ 14 ವರ್ಷ ಇದ್ದೆ. ಅವಸರ ಮಾಡಬೇಡಿ. ಈ 58 ಅನ್ನುವುದು ಸರಾಸರಿ. ಕಂಪನಿಯ ವರ್ಷದ ಆದಾಯ 1,000 ಕೋಟಿ, ಬರಬೇಕಾದ ಬಾಕಿ 160 ಕೋಟಿ ಅಂತ ಇಟ್ಟುಕೊಳ್ಳಿ. 160ನ್ನು 1,000ದಿಂದ ಭಾಗಿಸಿ 365ರಿಂದ ಗುಣಿಸಿದರೆ 58 ದಿನ. ಆದರೆ 600 ಕೋಟಿಯನ್ನು ರೋಗಿಗಳು ಕೌಂಟರಿನಲ್ಲೇ ಕಟ್ಟಿದ್ದರೆ? ಅದರಲ್ಲಿ ಬಾಕಿಯೇ ಇಲ್ಲ, ಅಲ್ವಾ? ಅಂದರೆ 160 ಕೋಟಿ ಪೂರ್ತಿ ಉಳಿದ 400 ಕೋಟಿಯದ್ದು. ಲೆಕ್ಕ ಹಾಕಿದರೆ 146 ದಿನ! ವಿಮೆ ಮತ್ತು ಸರ್ಕಾರಿ ಯೋಜನೆಗಳ ಹಣಕ್ಕೆ ಆ ಆಸ್ಪತ್ರೆ ಕಾಯುವುದು ಅಷ್ಟು. ಹಾಗಾಗಿ ಯಾರಿಂದ ಎಷ್ಟು ಪಾಲು ಬರುತ್ತದೆ ಅಂತ ಮೊದಲು ನೋಡಿ.

ಪುಣೆಯಲ್ಲಿ ಮಾಜಿ ಸೈನಿಕರು ಜಾಸ್ತಿ. ಅವರಿಗಾಗಿ 2003ರಲ್ಲಿ ಶುರುವಾದ ಸರ್ಕಾರಿ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಬಿಲ್ಲುಗಳನ್ನು ನಾನೇ ಕಳಿಸುತ್ತಿದ್ದೆ. ಸ್ಟೆಂಟ್ ಹಾಕಿದ್ದರೆ ಅದರ ಡಬ್ಬಿಯ ಸ್ಟಿಕ್ಕರ್ ಬಿಲ್ಲಿನ ಜೊತೆ ಇರಬೇಕು. ಇಲ್ಲದಿದ್ದರೆ ಕ್ವೆರಿ ಬರುತ್ತದೆ. ಉತ್ತರ ಕೊಟ್ಟು ಮತ್ತೆ ಕಾಯಬೇಕು. ಒಂದು ಮಂಡಿ ಆಪರೇಷನ್ನಿನ ಬಿಲ್ಲು ಡಿಸ್ಚಾರ್ಜ್ ಸಮ್ಮರಿಯ ದಿನಾಂಕ ತಪ್ಪಿದ್ದಕ್ಕೆ ಏಳು ತಿಂಗಳು ನಿಂತಿತ್ತು. ತಪ್ಪು ನಮ್ಮದೇ. ತಡವಾದದ್ದಕ್ಕೆಲ್ಲ ಸುಮ್ನೆ ಸರ್ಕಾರವನ್ನು ದೂರಬಾರದು. ಇನ್ನೊಂದು ಮಾತು. ಬಾಕಿ ತಡ ಅನ್ನುವ ಒಂದೇ ಕಾರಣಕ್ಕೆ ಸೈನಿಕರಿಗೆ, ಬಡವರಿಗೆ ಬಾಗಿಲು ತೆರೆದಿಟ್ಟ ಆಸ್ಪತ್ರೆಯನ್ನು ಕಡೆಗಣಿಸಬೇಡಿ. ನನಗೆ ಅದು ಸರಿ ಕಾಣುವುದಿಲ್ಲ.

ಮುಲುಂಡ್‌ನಿಂದ:
ವಿಮೆಯ ವಿಷಯ ಹೇಳುತ್ತೇನೆ. ಆಸ್ಪತ್ರೆಯ ಡಿಸ್ಚಾರ್ಜ್ ಕೋರಿಕೆಗೆ ವಿಮಾ ಕಂಪನಿ 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ಹೇಳಿದೆ. ರೋಗಿಗೆ ಬಹಳ ಅನುಕೂಲ. ಆದರೆ ಅದು ಒಪ್ಪಿಗೆ ಮಾತ್ರ. ಆಸ್ಪತ್ರೆಯ ಖಾತೆಗೆ ಹಣ ಬೀಳುವುದು ಆಮೇಲೆ.

ಅಂಧೇರಿಯಿಂದ:
ನಾನು ಆಡಿಟ್ ಕೆಲಸದಲ್ಲಿದ್ದೇನೆ. 2021-22ರ ವರದಿಯಿಂದ ಪ್ರತಿ ಕಂಪನಿಯೂ ಬಾಕಿಯ ವಯಸ್ಸನ್ನು ಪಟ್ಟಿ ಮಾಡಿ ಕೊಡಲೇಬೇಕು. ಆರು ತಿಂಗಳೊಳಗಿನದು ಎಷ್ಟು, ಒಂದು ವರ್ಷ ದಾಟಿದ್ದು ಎಷ್ಟು, ಮೂರು ವರ್ಷಕ್ಕಿಂತ ಹಳೆಯದು ಎಷ್ಟು, ಎಲ್ಲ ಇರುತ್ತದೆ. ‘ಟ್ರೇಡ್ ರಿಸೀವಬಲ್ಸ್’ ಅನ್ನುವ ಟಿಪ್ಪಣಿಯಲ್ಲಿ ಹುಡುಕಿ. ಬಾರದ ಸಾಲ ಅಂತ ಎಷ್ಟು ತೆಗೆದಿಟ್ಟಿದ್ದಾರೆ ಅನ್ನುವುದೂ ಅಲ್ಲೇ ಸಿಗುತ್ತದೆ. ಹಳೆ ಬಾಕಿಯನ್ನು ಲೆಕ್ಕದಿಂದ ಕೈಬಿಟ್ಟರೂ ದಿನಗಳು ಕಡಿಮೆ ಕಾಣುತ್ತವೆ. ಮಾರ್ಚ್ 31ರ ಅಂಕಿ ಒಂದನ್ನೇ ನಂಬಬೇಡಿ. ಸೆಪ್ಟೆಂಬರ್ ಫಲಿತಾಂಶದ ಜೊತೆಗೂ ಆಸ್ತಿ-ಹೊಣೆ ಪಟ್ಟಿ ಬರುತ್ತದೆ. ಎರಡನ್ನೂ ಹೋಲಿಸಿ.

ಡೊಂಬಿವಲಿಯಿಂದ:
ಎಲ್ಲರಿಗೂ ಧನ್ಯವಾದ. ಈಗಷ್ಟೇ ಪಟ್ಟಿ ತೆಗೆದು ನೋಡಿದೆ. 58 ದಿನದ ಕಂಪನಿಯ ಬಾಕಿ ಬಹುಪಾಲು ಆರು ತಿಂಗಳೊಳಗಿನದೇ. 30 ದಿನದ್ದರಲ್ಲಿ ಕೈಬಿಟ್ಟ ಸಾಲ ಎರಡು ವರ್ಷದಿಂದ ಏರುತ್ತಿದೆ. ಸೆಪ್ಟೆಂಬರ್ ಅಂಕಿ ನೋಡುವವರೆಗೂ ಎರಡನ್ನೂ ಕೊಳ್ಳುವುದಿಲ್ಲ.