ಪದಚರ್ಚೆ: ಪಂಚಾಯತ್ ಹಲಗೆಗೆ ‘ತಿರಸ್ಕೃತ’ ಬೇಡ, ಮತ್ತೇನು ಬರೆಯೋಣ?

ಪುತ್ತೂರು ಕಡೆಯಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಿತ್ತು, ಗುರುವಾರದೊಳಗೆ. ನಮ್ಮ ಕಡೆಯ ಒಂದು ಗ್ರಾಮ ಪಂಚಾಯತ್‌ನಲ್ಲಿ ಮನೆ ಕಟ್ಟುವ ಅರ್ಜಿಗಳು ಏನಾದವು ಅಂತ ಜನರಿಗೆ ತಿಳಿಸಲು ಹೊರಗೋಡೆಗೆ ಹೊಸ ಹಲಗೆ ಹಾಕುತ್ತಿದ್ದಾರೆ. ನಾಲ್ಕು ಅಂಕಣ. ಪ್ರತಿ ಅಂಕಣದ ತಲೆಗೆ ಪೇಂಟ್‌ನಲ್ಲಿ ಒಂದು ಪದ. ಅದರ ಕೆಳಗೆ ಪ್ರತಿ ಸಭೆ ಮುಗಿದ ಮೇಲೆ ಅರ್ಜಿ ನಂಬರು, ಹೆಸರು ಸೀಮೆಸುಣ್ಣದಲ್ಲಿ. ಆ ನಾಲ್ಕು ಪದ ಬರೆದು ಕೊಡಿ ಅಂತ ನನಗೆ ಹೇಳಿದ್ದಾರೆ. ಪೇಂಟರ್ ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಅಂಕಣ ಒಂದಡಿ ಅಗಲವೂ ಇಲ್ಲ, ಉದ್ದದ ಪದ ಹಿಡಿಸುವುದಿಲ್ಲ.

ಹಳೆಯ ಹಲಗೆಯಲ್ಲಿ ‘ಮಂಜೂರು’, ‘ಷರತ್ತುಬದ್ಧ ಮಂಜೂರು’, ‘ಬಾಕಿ’, ‘ತಿರಸ್ಕೃತ’ ಅಂತ ಇತ್ತು. ಕೊನೆಯದನ್ನು ಬಿಡಲೇಬೇಕು ಅಂತ ನನ್ನ ಆಸೆ. ಯಾಕೆ ಅಂತ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಅಜ್ಜಿಯೊಬ್ಬರು ಒದ್ದೆ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಲಗೆ ಮುಂದೆ ನಿಂತಿದ್ದರು. ಬೆರಳು ಅವರ ಹೆಸರಿನ ಮೇಲೆ ಇತ್ತು. ಮೇಲೆ ಏನು ಬರೆದಿದ್ದಾರೆ ಅಂತ ಕೇಳಿದರು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮನ್ನು ತಿರಸ್ಕಾರ ಮಾಡುವಂಥದ್ದು ನಾವೇನು ಮಾಡಿದ್ದೇವೆ?’ ಅಂತ ತುಳುವಿನಲ್ಲಿ ಕೇಳಿದರು. ಒಳಗೆ ಹೋಗಿ ವಿಚಾರಿಸಿ ಅಂದೆ. ಹೋಗಲಿಲ್ಲ, ಬಸ್ಸು ಹತ್ತಿ ಹೋಗಿಬಿಟ್ಟರು. ಆಮೇಲೆ ಗೊತ್ತಾಯಿತು, ನಕ್ಷೆಯಲ್ಲಿ ಎಂಜಿನಿಯರ್ ಸಹಿ ಬಿಟ್ಟುಹೋಗಿತ್ತು ಅಷ್ಟೇ. ಒಂದು ಸಹಿಯ ಕೆಲಸ. ಆ ಒಂದು ಪದ ನೋಡಿ ಅವರು ಇಡೀ ಒಂದು ಮಳೆಗಾಲ ಹಳೆಯ ಮನೆಯಲ್ಲೇ ಕಳೆದರು.

ದಯವಿಟ್ಟು ಪದ ಕೊಡಿ.

ಮೈಸೂರಿನಿಂದ, ಸೋಮವಾರ ರಾತ್ರಿ

‘ತಿರಸ್ಕೃತ’ ಸರಿಯಾದ ಪದ. ‘ತಿರಸ್’ ಅಂದರೆ ಅಡ್ಡ, ಮರೆ. ‘ಕೃ’ ಸೇರಿದರೆ ಮರೆಗೆ ಸರಿಸು, ಬದಿಗಿಡು. ‘ತಿರಸ್ಕರಿಣಿ’ ಅಂದರೆ ಪರದೆ. ಹೀಗಳೆಯುವ ಅರ್ಥ ಆಮೇಲೆ ಅಂಟಿಕೊಂಡದ್ದು. ಪದ ಕಿತ್ತು ಹಾಕುವ ಬದಲು ಅದರ ಅರ್ಥ ತಿಳಿಸಿ. ತೆಗೆಯಲೇಬೇಕಾದದ್ದು ‘ಷರತ್ತುಬದ್ಧ’. ಅರಬ್ಬಿಯ ತಲೆಗೆ ಸಂಸ್ಕೃತದ ಬಾಲ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ.

ತುಮಕೂರಿನಿಂದ, ಮಂಗಳವಾರ

ಮೇಷ್ಟ್ರೇ, ಗೋಡೆ ಮುಂದೆ ನಿಂತವರು ಧಾತು ಬಿಡಿಸಿ ನೋಡುವುದಿಲ್ಲ.

ನಾಲ್ಕಕ್ಕೂ ಕನ್ನಡದ್ದೇ ಪದ ಇದೆ: ಒಪ್ಪಿದೆ, ಕಟ್ಟಳೆ ಮೇಲೆ ಒಪ್ಪಿದೆ, ತಡೆದಿದೆ, ಒಪ್ಪಿಲ್ಲ. ‘ಮಂಜೂರು’ ಯಾಕೆ ಬೇಕು? ‘ಪರವಾನಗಿ’ ಯಾಕೆ? ‘ಅರ್ಜಿ’ಗೆ ಕೋರಿಕೆ ಅನ್ನಬಹುದು. ಪಾರಸಿ ಬರೆಯುತ್ತಿದ್ದ ದರ್ಬಾರು ಹೋಗಿ ಎಷ್ಟು ಕಾಲ ಆಯಿತು, ಆ ಕಚೇರಿಯ ಪದಗಳನ್ನು ಇನ್ನೂ ತಲೆ ಮೇಲೆ ಹೊತ್ತುಕೊಂಡಿದ್ದೇವೆ. ಹೊಸ ಹಲಗೆ ಅಂದರೆ ಬದಲಿಸುವುದಕ್ಕೆ ಒಳ್ಳೆಯ ಸಮಯ ಅಲ್ವಾ?

ಶಿವಮೊಗ್ಗದಿಂದ, ಮಂಗಳವಾರ

ನಾನು ಕಂದಾಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪದ ಆರಿಸುವ ಮೊದಲು ಕೆಲಸ ಯಾವುದು ಅಂತ ನೋಡಿ. ಹಳ್ಳಿಯಲ್ಲಿ ಒಂದು ಮನೆ ಏಳಬೇಕಾದರೆ ಬೇರೆ ಬೇರೆ ಕಡೆ ಬೇರೆ ಬೇರೆ ತೀರ್ಮಾನ ಆಗುತ್ತದೆ.

ಹೊಲವೋ ತೋಟವೋ ಆದರೆ ಮೊದಲು ಭೂಪರಿವರ್ತನೆ. ಅದು 1964ರ ಭೂಕಂದಾಯ ಅಧಿನಿಯಮದ 95ನೇ ಕಲಂ, ಜಿಲ್ಲಾಧಿಕಾರಿಗಳದ್ದು. ಅಲ್ಲಿ ಕೊಡುವುದು ‘ಅನುಮತಿ’. ಜಾಗವನ್ನು ನಿವೇಶನಗಳಾಗಿ ಹಂಚುವ ವಿನ್ಯಾಸ ನಕ್ಷೆ ಬಂದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅಲ್ಲಿಯದು ‘ಅನುಮೋದನೆ’. ಪಂಚಾಯತ್ ಕೊಡುವುದು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಕಲಮಿನ ಪ್ರಕಾರ ಕಟ್ಟಡ ‘ಪರವಾನಗಿ’. ಮೂರಕ್ಕೂ ‘ಒಪ್ಪಿದೆ’ ಅಂತ ಒಂದೇ ಬಣ್ಣ ಬಳಿದರೆ ಯಾರು ಏನನ್ನು ಒಪ್ಪಿದರು ಅಂತ ತಿಳಿಯುವುದಿಲ್ಲ.

ಇನ್ನು ‘ಮಂಜೂರು’. ಆ ಹಲಗೆಯಲ್ಲಿ ನಿಜವಾಗಿ ತಪ್ಪಾಗಿರುವುದು ಅದೇ. ಹಳ್ಳಿಯಲ್ಲಿ ಮಂಜೂರು ಅಂದರೆ ಜಮೀನು ಸಿಕ್ಕಿತು ಅಂತ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಅದನ್ನು ಸಕ್ರಮ ಮಾಡಿಕೊಡಿ ಅಂತ 94ಸಿ ಕಲಮಿನ ಅರ್ಜಿ ಹಾಕಿರುತ್ತಾರೆ. ಅಕ್ರಮ ಸಕ್ರಮದ ಅರ್ಜಿ ಹಾಕಿದವರೂ ಇರುತ್ತಾರೆ. ಅವರೆಲ್ಲ ಕಾಯುವುದು ಈ ಪದಕ್ಕೆ. ಪಂಚಾಯತ್ ಗೋಡೆಯಲ್ಲಿ ಹೆಸರಿನ ಮೇಲೆ ‘ಮಂಜೂರು’ ಕಂಡರೆ ಜಾಗವೇ ತಮ್ಮದಾಯಿತು ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಸಾಲ ಮಾಡಿ ಪಾಯ ಹಾಕಿದವರನ್ನು ನಾನೇ ಕಂಡಿದ್ದೇನೆ.

ಒಪ್ಪದ ಅರ್ಜಿಗೆ ಹಲಗೆ ಮೇಲೆ ಬರೆದರೆ ಮುಗಿಯಲಿಲ್ಲ. ಕಾರಣ ಬರೆದು ಕೈಗೆ ಕಾಗದ ಕೊಡಬೇಕು. ಅದರ ಹೆಸರು ಹಿಂಬರಹ. ಮುಂದೆ ಮೇಲ್ಮನವಿ ಹಾಕುವುದಕ್ಕೂ ಅದೇ ಬೇಕು. ಆ ಅಜ್ಜಿಗೆ ಹಿಂಬರಹ ಕೊಟ್ಟಿದ್ದರೇ? ಮೊದಲು ಅದನ್ನು ಕೇಳಿ.

ಧಾರವಾಡದಿಂದ, ಮಂಗಳವಾರ ರಾತ್ರಿ

ಶಿವಮೊಗ್ಗದ ಹಿರಿಯರ ಮಾತು ಸರಿ. ತುಮಕೂರಿನವರದ್ದು ಸರಿಯಲ್ಲ.

‘ಮಂಜೂರು’ ಹುಟ್ಟಿದ್ದು ನೋಟದಿಂದ. ಅರಬ್ಬಿಯ ‘ನಜರ್’ ಅಂದರೆ ನೋಟ, ನಮ್ಮ ‘ನಜರು’ ಅದೇ. ‘ಮಂಜೂರ್’ ಅಂದರೆ ನೋಡಲ್ಪಟ್ಟದ್ದು. ದೊಡ್ಡವರ ಕಣ್ಣಿಗೆ ಬಿತ್ತು ಅಂದರೆ ಒಪ್ಪಿಗೆ ಆಯಿತು ಅಂತ. ‘ತಕರಾರು’ ನೋಡಿ. ಮೂಲದಲ್ಲಿ ಮತ್ತೆ ಮತ್ತೆ ಹೇಳುವುದು. ನಮ್ಮಲ್ಲಿ ಅದು ಜಗಳವಾಯಿತು. ‘ಹದ್ದುಬಸ್ತು’ ಇಲ್ಲದೆ ಹೊಲದ ಗಡಿ ಗುರುತಿಸುತ್ತೀರಾ? ‘ಜಾರಿ’ ಇಲ್ಲದೆ ಕಾನೂನು ತರುತ್ತೀರಾ? ‘ವಕೀಲ’ರನ್ನು ಏನಂತ ಕರೆಯುತ್ತೀರಿ? ನಮ್ಮ ಕಡೆ ಪಂಚಾಯಿತಿಯಲ್ಲಿ ‘ಠರಾವು’ ಪಾಸಾಗುತ್ತದೆ. ಅದು ಮರಾಠಿಯದು. ನಿಮ್ಮ ಕಡೆ ಅದೇ ‘ನಿರ್ಣಯ’, ಅದು ಸಂಸ್ಕೃತದ್ದು. ಎರಡೂ ಹೊರಗಿನಿಂದ ಬಂದವೇ. ಒಂದು ಮಡಿ, ಇನ್ನೊಂದು ಮೈಲಿಗೆ ಅಂತ ಹೇಗೆ ಹೇಳುತ್ತೀರಿ?

ತುಮಕೂರಿನಿಂದ, ಬುಧವಾರ

ಎರಡನ್ನೂ ನಾನು ಬೇಡ ಅಂದಿದ್ದೇನೆ. ಓದದೆ ಉತ್ತರ ಬರೆಯಬೇಡಿ.

ಶಿವಮೊಗ್ಗದವರು ಹೇಳಿದ ‘ಹಿಂಬರಹ’ ನೋಡಿ. ಹಿಂದು, ಬರಹ. ಹಿಂಬಾಗಿಲು, ಹಿಂಬದಿ ಇದ್ದ ಹಾಗೆ. ಕಚೇರಿಯ ಒಳಗೇ ಇಂಥ ಚೆಂದದ ಪದ ಹುಟ್ಟಿದೆ. ಇದು ಸಾಧ್ಯವಾದರೆ ಉಳಿದವೂ ಸಾಧ್ಯ. ಮನಸ್ಸು ಬೇಕು.

ಮೈಸೂರಿನಿಂದ, ಬುಧವಾರ

‘ಹಿಂಬರಹ’ ಇಂಗ್ಲಿಷಿನ ‘ಎಂಡಾರ್ಸ್‌ಮೆಂಟ್’ ಪದಕ್ಕೆ ಹೊಲಿದ ಅಂಗಿ. ಅದರ ಒಳಗಿರುವ ಲ್ಯಾಟಿನ್ ಪದಕ್ಕೆ ಬೆನ್ನು ಅಂತ ಅರ್ಥ. ಕಾಗದದ ಬೆನ್ನ ಮೇಲೆ ಬರೆಯುವುದು. ಬಟ್ಟೆ ನಮ್ಮದು, ಅಳತೆ ಅವರದ್ದು. ಇದನ್ನು ಅಚ್ಚಗನ್ನಡ ಅಂತ ಹೊಗಳುವವರು ‘ಅರ್ಜಿ’ಯನ್ನು ಹೊರಗೆ ಹಾಕುವುದು ನ್ಯಾಯವಲ್ಲ.

ಮತ್ತೊಂದು ಮಾತು. ಮೂರನೇ ಅಂಕಣಕ್ಕೆ ‘ಮರುಪರಿಶೀಲನೆ’ ಹಾಕಿ ಅಂತ ಒಬ್ಬರು ನನಗೆ ಬೇರೆಯಾಗಿ ಬರೆದಿದ್ದಾರೆ. ಬೇಡ. ಅದು ಅರಿಸಮಾಸ, ಕನ್ನಡದ ಪದಕ್ಕೆ ಸಂಸ್ಕೃತದ ಪದ ಕೂಡಿಸಿದ್ದು. ಅಂಥದ್ದು ಸಲ್ಲದು ಅಂತ 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಹೇಳಿದ್ದನ್ನು ಇಲ್ಲಿರುವವರಿಗೆ ಮತ್ತೆ ಹೇಳಬೇಕಾಗಿಲ್ಲ.

ಧಾರವಾಡದಿಂದ, ಬುಧವಾರ

ಹಾಗಾದರೆ ‘ದಿನಗೂಲಿ’ ಬೇಡ, ‘ಹಗಲುವೇಷ’ ಬೇಡ. ಸರಿ.

ಕಾಸರಗೋಡಿನಿಂದ, ಬುಧವಾರ

ನಮ್ಮ ಕಷ್ಟ ಸ್ವಲ್ಪ ಕೇಳಿ. ಇಲ್ಲಿ ಪಂಚಾಯತ್ ಕಾಗದ ಮೊದಲು ಮಲಯಾಳದಲ್ಲಿ ಹುಟ್ಟುತ್ತದೆ. ಮಲಯಾಳದಲ್ಲಿ ಅರ್ಜಿಗೆ ‘ಅಪೇಕ್ಷ’ ಅನ್ನುತ್ತಾರೆ. ಒಪ್ಪದಿದ್ದರೆ ‘ಅಪೇಕ್ಷ ನಿರಸಿಚ್ಚು’. ಅದನ್ನು ಅಕ್ಷರ ಮಾತ್ರ ಬದಲಿಸಿ ಕನ್ನಡಕ್ಕೆ ಇಳಿಸಿದರೆ ‘ಅಪೇಕ್ಷೆಯನ್ನು ನಿರಸನ ಮಾಡಲಾಗಿದೆ’ ಅಂತ ಆಗುತ್ತದೆ. ಕನ್ನಡದಲ್ಲಿ ಅಪೇಕ್ಷೆ ಅಂದರೆ ಆಸೆ. ನಿಮ್ಮ ಆಸೆಯನ್ನು ಕಿತ್ತು ಹಾಕಿದ್ದೇವೆ ಅಂತ ಓದಿದ ಹಾಗೆ ಆಗುತ್ತದೆ. ಸಂಸ್ಕೃತದ ಪದ ಎರಡೂ ಭಾಷೆಯಲ್ಲಿ ಇದೆ ಅಂತ ಧೈರ್ಯ ಮಾಡಬೇಡಿ. ಪಕ್ಕದ ಮನೆಗೆ ಹೋಗಿ ಬಂದ ಪದ ಬೇರೆ ಗುಣ ಕಲಿತಿರುತ್ತದೆ.

ಪುತ್ತೂರು ಕಡೆಯಿಂದ, ಬುಧವಾರ ರಾತ್ರಿ

ಎಲ್ಲರ ಮಾತೂ ಓದುತ್ತಿದ್ದೇನೆ, ತುಂಬಾ ಕಲಿತೆ. ಆದರೆ ನಾಳೆ ಗುರುವಾರ. ನಾಲ್ಕು ಪದ ಇನ್ನೂ ಕೈಗೆ ಬಂದಿಲ್ಲ. ‘ಮಂಜೂರು’ ತೆಗೆಯುತ್ತೇನೆ, ಅದು ಖಚಿತವಾಯಿತು. ಉಳಿದದ್ದು?

ಮಂಡ್ಯ ಕಡೆಯಿಂದ, ಗುರುವಾರ ಬೆಳಿಗ್ಗೆ

ಅಕ್ಕಾ, ನಾನು ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್. ಇಲ್ಲಿ ಬರೆಯುವುದು ಕಡಿಮೆ, ಓದುವುದು ಜಾಸ್ತಿ. ಕಿಟಕಿಯ ಹತ್ತಿರ ಬರುವ ಜನ ಏನು ಕೇಳುತ್ತಾರೆ ಅಂತ ಹೇಳುತ್ತೇನೆ. ‘ಮಂಜೂರಾಯ್ತಾ’ ಅಂತ ಯಾರೂ ಕೇಳುವುದಿಲ್ಲ. ‘ಒಪ್ಪಿದ್ರಾ’ ಅಂತಲೂ ಇಲ್ಲ. ‘ನಮ್ದು ಆಯ್ತಾ?’ ಅಷ್ಟೇ. ಕನ್ವರ್ಷನ್ ಆಯ್ತಾ, ಖಾತೆ ಆಯ್ತಾ, ಲೈಸೆನ್ಸ್ ಆಯ್ತಾ. ಆಗಿಲ್ಲ ಅಂದರೆ ಮುಂದಿನ ಪ್ರಶ್ನೆ ‘ಏನು ಕೊಡಬೇಕು?’ ಅಂತ. ನಮೂನೆ 9 ಕೊಡಬೇಕಾ, 11ಎ ಕೊಡಬೇಕಾ, ಕಂದಾಯದ ರಸೀದಿನಾ ಅಂತ ಕೈಚೀಲ ಬಿಚ್ಚಿ ಎಲ್ಲವನ್ನೂ ಕಿಟಕಿಯ ಕಟ್ಟೆ ಮೇಲೆ ಹರಡುತ್ತಾರೆ. ರೇಷನ್ ಕಾರ್ಡ್, ಮಗಳ ಮಾರ್ಕ್ಸ್ ಕಾರ್ಡ್, ಎಲ್ಲಾ. ಬೇಕಾದ ಒಂದು ಕಾಗದ ಅದರಲ್ಲಿ ಇರುವುದಿಲ್ಲ.

ಇನ್ನೊಂದು. ‘ಆಗಿಲ್ಲ’ ಬೇರೆ, ‘ಆಗೋದಿಲ್ಲ’ ಬೇರೆ. ಸಹಿ ಬಿಟ್ಟುಹೋದದ್ದು ‘ಆಗಿಲ್ಲ’. ಬಿ ಖರಾಬಿನಲ್ಲಿ, ಅಂದರೆ ಹಳ್ಳದಂಥ ಸಾರ್ವಜನಿಕ ಜಾಗದಲ್ಲಿ ಮನೆ ಕಟ್ಟುತ್ತೇನೆ ಅಂದರೆ ಅದು ‘ಆಗೋದಿಲ್ಲ’. ‘ತಿರಸ್ಕೃತ’ ಅಂದರೆ ಈ ಎರಡೂ ಒಂದೇ ಆಗಿಬಿಡುತ್ತದೆ. ಜನ ಕೆಡುವುದು ಅಲ್ಲಿ.

ಶಿವಮೊಗ್ಗದಿಂದ, ಗುರುವಾರ

ಈ ತಮ್ಮ ಹೇಳಿದ್ದು ಇಷ್ಟು ದಿನದ ಮಾತಿನಲ್ಲಿ ಕೆಲಸಕ್ಕೆ ಬರುವ ಮಾತು. ಕಾಗದ ಕಡಿಮೆ ಇರುವ ಅರ್ಜಿ ನಾಲ್ಕನೇ ಅಂಕಣಕ್ಕೆ ಹೋಗಲೇಬಾರದು. ಮೂರನೆಯದರಲ್ಲಿ ಇರಬೇಕು. ಪದ ಬದಲಿಸುವುದರ ಜೊತೆಗೆ ಅದನ್ನೂ ಪಂಚಾಯತ್‌ನವರಿಗೆ ಹೇಳಿ. ಅಜ್ಜಿಯ ಅರ್ಜಿ ತಪ್ಪು ಅಂಕಣದಲ್ಲಿ ಇತ್ತು.

ತುಮಕೂರಿನಿಂದ, ಗುರುವಾರ

‘ಆಗಿದೆ, ಆಗಿಲ್ಲ’ ನನಗೆ ಒಪ್ಪಿಗೆ. ಅಚ್ಚಗನ್ನಡ. ಯಾವ ಕಚೇರಿಯೂ ಬರೆಯಲು ಧೈರ್ಯ ಮಾಡುವುದಿಲ್ಲ, ಅದು ಬೇರೆ ಮಾತು.

ಮೈಸೂರಿನಿಂದ, ಗುರುವಾರ

ಆಡುಮಾತು ಬೇರೆ, ಶಾಸನದ ಮಾತು ಬೇರೆ. ಏನು ಆಗಿದೆ? ಕರ್ತೃ ಯಾರು? ‘ಪರವಾನಗಿ ನೀಡಿದೆ’ ಅಂದರೆ ಸಭೆ ನೀಡಿತು ಅಂತ ಗೊತ್ತಾಗುತ್ತದೆ, ಹೊಣೆ ಇರುತ್ತದೆ. ‘ಆಗಿಲ್ಲ’ ಅಂದರೆ ಮಳೆ ಆಗಿಲ್ಲ ಅಂದ ಹಾಗೆ, ಯಾರದೂ ತಪ್ಪಿಲ್ಲ. ಕಚೇರಿಗೆ ಆ ಅನುಕೂಲ ಮಾಡಿಕೊಡಬೇಡಿ.

ಪುತ್ತೂರು ಕಡೆಯಿಂದ, ಶುಕ್ರವಾರ ಸಂಜೆ

ಪೇಂಟ್ ಒಣಗುತ್ತಿದೆ, ಆದದ್ದನ್ನು ತಿಳಿಸುತ್ತೇನೆ.

ತಲೆಬರಹ: ಮನೆ ಕಟ್ಟುವ ಪರವಾನಗಿ – ಸಭೆಯ ತೀರ್ಮಾನ. ಅಂಕಣಗಳು: ಕೊಟ್ಟಿದೆ, ಷರತ್ತಿನ ಮೇಲೆ ಕೊಟ್ಟಿದೆ, ಕಾಗದ ಬಾಕಿ, ಕೊಡಲಾಗದು. ಎರಡನೆಯದನ್ನು ಎರಡು ಸಾಲಿನಲ್ಲಿ ಬರೆದರು, ಹಿಡಿಸಿತು. ಕೆಳಗೆ ಉದ್ದಕ್ಕೆ ಒಂದು ಸಾಲು: ಕಾರಣ ಬರೆದ ಹಿಂಬರಹ ಒಳಗೆ ಸಿಗುತ್ತದೆ, ಕೇಳಿ ಪಡೆಯಿರಿ.

ಮೈಸೂರಿನ ಮೇಷ್ಟ್ರು ಹೊಣೆಯ ಬಗ್ಗೆ ಹೇಳಿದ್ದು ನನಗೆ ನಾಟಿತು. ‘ಆಗಿದೆ’ ಬಿಟ್ಟು ‘ಕೊಟ್ಟಿದೆ’ ಹಾಕಿದ್ದು ಅದಕ್ಕೆ. ಮಂಡ್ಯದ ತಮ್ಮ ಹೇಳಿದ ‘ಆಗಿಲ್ಲ’, ‘ಆಗೋದಿಲ್ಲ’ ವ್ಯತ್ಯಾಸವನ್ನು ಮೂರನೇ ಮತ್ತು ನಾಲ್ಕನೇ ಅಂಕಣಕ್ಕೆ ಹಂಚಿದ್ದೇನೆ. ತುಮಕೂರಿನವರು ಬೇಸರ ಮಾಡಿಕೊಳ್ಳಬಾರದು. ‘ಕಾಗದ’ ಪಾರಸಿ, ‘ಬಾಕಿ’ ಅರಬ್ಬಿ, ನನಗೆ ಗೊತ್ತು. ಆದರೆ ಎರಡು ಪದ, ಐದು ಅಕ್ಷರ, ನಮ್ಮ ಊರಿನಲ್ಲಿ ಅರ್ಥವಾಗದವರು ಒಬ್ಬರೂ ಇಲ್ಲ.

ಕಚೇರಿಯಲ್ಲಿ ‘ಕೊಟ್ಟಿದೆ’ ಗೌರವವಾಗಿ ಕೇಳಿಸುವುದಿಲ್ಲ, ‘ನೀಡಿದೆ’ ಮಾಡಿ ಅಂದರು. ನಾನು ಒಪ್ಪಲಿಲ್ಲ. ಅರ್ಧ ಗಂಟೆ ಮಾತಾಯಿತು. ಪೇಂಟರ್ ಅಷ್ಟರಲ್ಲಿ ‘ಕೊ’ ಬರೆದು ಮುಗಿಸಿದ್ದರು.

ಹಿಂಬರಹದ ವಿಚಾರ ಕೇಳಿದೆ. ಇನ್ನು ಮೇಲೆ ನಾಲ್ಕನೇ ಅಂಕಣದ ಪ್ರತಿ ಹೆಸರಿಗೂ ಕೊಡುತ್ತೇವೆ ಅಂದಿದ್ದಾರೆ. ಮುಂದಿನ ಸಭೆ ಆದ ಮೇಲೆ ಹೋಗಿ ನೋಡುತ್ತೇನೆ.

ಧಾರವಾಡದಿಂದ, ಶುಕ್ರವಾರ ರಾತ್ರಿ

‘ಕೊಟ್ಟಿದೆ’ ಉಳಿಸಿದ್ದು ಒಳ್ಳೆಯದಾಯಿತು. ನಮ್ಮ ಕಡೆ ‘ನೀಡು’ ಅಂದರೆ ಎಲೆಗೆ ಬಡಿಸುವುದು.

ತುಮಕೂರಿನಿಂದ, ಶುಕ್ರವಾರ ರಾತ್ರಿ

ಬೇಸರ ಇಲ್ಲ. ಆದರೆ ‘ಷರತ್ತು’ ಉಳಿಸಿದ್ದು ತಪ್ಪು. ಕಟ್ಟಳೆ ಅನ್ನುವ ಪದ ನೂರಾರು ವರ್ಷದಿಂದ ಇದೆ.

ಪುತ್ತೂರು ಕಡೆಯಿಂದ, ಶನಿವಾರ

ಕಟ್ಟಳೆ ನಮ್ಮ ಕಡೆ ದೈವಸ್ಥಾನದ ಮಾತು. ಮನೆತನದವರು ನಡೆಸಿಕೊಂಡು ಬರುವ ಕ್ರಮಕ್ಕೆ ಹಾಗೆ ಅನ್ನುತ್ತಾರೆ. ಪಂಚಾಯತ್ ಹಾಕುವ ಷರತ್ತು ಅಂದರೆ ಮಳೆನೀರಿನ ಇಂಗುಗುಂಡಿ ಮಾಡಿ, ರಸ್ತೆಯಿಂದ ಇಷ್ಟು ಬಿಟ್ಟು ಕಟ್ಟಿ ಅನ್ನುವಂಥದ್ದು. ಎರಡೂ ಒಂದೇ ಅಲ್ಲ.

ಅಂದ ಹಾಗೆ, ಆ ರಸ್ತೆಯಿಂದ ಬಿಡುವ ಜಾಗಕ್ಕೆ ಏನು ಹೇಳೋಣ? ಎಲ್ಲರೂ ‘ಸೆಟ್‌ಬ್ಯಾಕ್’ ಅನ್ನುತ್ತಾರೆ, ಮೇಸ್ತ್ರಿಗಳೂ ಅದನ್ನೇ ಅನ್ನುತ್ತಾರೆ. ಷರತ್ತುಗಳ ಒಂದು ಪುಟ ಅಚ್ಚು ಹಾಕಿಸಿ ಕೊಡುತ್ತಾರಂತೆ. ಇದಕ್ಕೆ ಅವಸರ ಇಲ್ಲ, ತಿಂಗಳ ಕೊನೆಯೊಳಗೆ ಸಾಕು.