ಡಬ್ಬಿ ಹಂದಿಮಾಂಸದಲ್ಲಿ ಪಂದಿಕರಿ ಮಾಡಿ ಕೆಟ್ಟೆ, ಉಳಿದದ್ದನ್ನು ಏನು ಮಾಡಲಿ?

ಕೇಳಿದವರು, ಮಾದಾಪುರದಿಂದ:
ಮಗ ಬೆಂಗಳೂರಿನಿಂದ ಬರುವಾಗ ಸ್ಪ್ಯಾಮ್ ಎಂಬ ಡಬ್ಬಿ ಹಂದಿಮಾಂಸ ತಂದಿದ್ದಾನೆ, 340 ಗ್ರಾಂನ ನಾಲ್ಕು ಡಬ್ಬಿ. ಮಳೆ ಹಿಡಿದರೆ ನಮ್ಮ ತೋಟದ ದಾರಿಯಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರುವುದಿಲ್ಲ, ಫ್ರಿಜ್ಜಿನ ಮಾಂಸ ಹಾಳಾಗುತ್ತದೆ, ಇದು ಇರಲಿ ಎಂದು ಅವನ ಲೆಕ್ಕ. ಒಂದರಲ್ಲಿ ನಮ್ಮ ಕೊಡಗಿನ ಹಂದಿಮಾಂಸದ ಸಾರು, ಪಂದಿಕರಿ ಮಾಡಿ ನೋಡಿದೆ. ಎಂದಿನಂತೆ ಉಪ್ಪು, ಅರಿಸಿನ ಹಚ್ಚಿ, ಕಪ್ಪಗೆ ಹುರಿದ ಮಸಾಲೆ ಹಾಕಿ ಮುಕ್ಕಾಲು ಗಂಟೆ ಬೇಯಿಸಿ ಕೊನೆಗೆ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ) ಬಿಟ್ಟೆ. ಎಲ್ಲವೂ ಕದಡಿ ಗಂಜಿಯಂತಾಯಿತು, ಬಾಯಿಗೆ ಇಡಲಾಗದಷ್ಟು ಉಪ್ಪು. ಅತ್ತೆಯವರು ಒಂದು ತುತ್ತು ತಿಂದು ತಟ್ಟೆ ಸರಿಸಿದರು. ಉಳಿದ ಮೂರನ್ನು ಏನು ಮಾಡಲಿ? ಮಾಡಿ ತಿಂದವರು ಹೇಳಿ.

ವಿರಾಜಪೇಟೆಯಿಂದ:
ಅಕ್ಕ, ನಿಮ್ಮ ಕೈಗುಣದ ತಪ್ಪಲ್ಲ. ಅದು ಹಸಿ ಮಾಂಸವೇ ಅಲ್ಲ. ಅರೆದ ಹಂದಿಮಾಂಸಕ್ಕೆ ಉಪ್ಪು, ಸಕ್ಕರೆ, ಆಲೂಗಡ್ಡೆಯ ಪಿಷ್ಟ, ಸೋಡಿಯಂ ನೈಟ್ರೈಟ್ ಬೆರೆಸಿ, ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಅದರೊಳಗೇ ಬೇಯಿಸಿರುತ್ತಾರೆ. ನೀವು ಬೆಂದದ್ದನ್ನೇ ಮತ್ತೆ ಬೇಯಿಸಿದಿರಿ, ಉಪ್ಪಿಗೆ ಉಪ್ಪು ಸೇರಿಸಿದಿರಿ. ಪಂದಿಕರಿಯ ಸೊಗಸೆಲ್ಲ ತೊಗಲಿನ ಜೊತೆಗಿನ ಕೊಬ್ಬು ತನ್ನದೇ ನೀರಿನಲ್ಲಿ ನಿಧಾನವಾಗಿ ಕರಗುವುದರಲ್ಲಿದೆ. ಇದರಲ್ಲಿ ತೊಗಲೂ ಇಲ್ಲ, ಎಲುಬೂ ಇಲ್ಲ, ಕರಗಲು ಏನು ಉಳಿದಿದೆ?

ನಾನು ಮಾಡುವುದು ಹೀಗೆ. ಕಿರುಬೆರಳಿನ ಅರ್ಧದಷ್ಟು ದಪ್ಪಕ್ಕೆ ಕೊಯ್ದು, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು ನೀರು ಚೆಲ್ಲುತ್ತೇನೆ. ಉಪ್ಪು ಸ್ವಲ್ಪ ಇಳಿಯುತ್ತದೆ. ಒದ್ದೆ ಆರಿದ ಮೇಲೆ ಕಬ್ಬಿಣದ ಕಾವಲಿಯಲ್ಲಿ ಎಣ್ಣೆ ಹಾಕದೆ, ಅಂಚು ಕೆಂಪಾಗಿ ಗರಿಗರಿಯಾಗುವವರೆಗೆ ಎರಡೂ ಕಡೆ ಹುರಿಯಬೇಕು. ಅವಸರ ಮಾಡಿದರೆ ಬರೀ ಬಿಸಿಯಾದ ಡಬ್ಬಿ ಮಾಂಸ ಸಿಗುತ್ತದೆ. ಅದೇ ಕೊಬ್ಬಿನಲ್ಲಿ ಈರುಳ್ಳಿ, ಗಾಂಧಾರಿ ಮೆಣಸು, ಕುಟ್ಟಿದ ಕಾಳುಮೆಣಸು. ಉಪ್ಪಿನ ಡಬ್ಬಿಯನ್ನು ಆ ದಿನ ಮುಟ್ಟಬೇಡಿ. ಕಾಚಂಪುಳಿಯೂ ಬೇಡ, ನಿಂಬೆ ಸಾಕು. ಅಕ್ಕಿ ಒಟ್ಟಿಯ ಜೊತೆಗೆ ನಮ್ಮ ಮಕ್ಕಳು ಜಗಳವಾಡಿ ತಿನ್ನುತ್ತಾರೆ.

ಪೊನ್ನಂಪೇಟೆಯಿಂದ:
ಏನಾದರೂ ಮಾಡಿಕೊಳ್ಳಿ, ಅದಕ್ಕೆ ಪಂದಿಕರಿ ಎಂಬ ಹೆಸರು ಮಾತ್ರ ಬೇಡ. ವಾರಕ್ಕೊಮ್ಮೆ ಕಣ್ಣೆದುರೇ ಕಡಿದು ಕೊಡುವ ಊರಿನಲ್ಲಿ ಡಬ್ಬಿ ಒಡೆಯುವ ಕರ್ಮ ಯಾಕೆ?

ಗೋಣಿಕೊಪ್ಪದಿಂದ, ನಿವೃತ್ತ ಸೈನಿಕ:
ಮೇಲಿನವರಿಗೆ ನಾಲ್ಕು ತಿಂಗಳು ಹಿಮದಲ್ಲಿ ಕುಳಿತು ಗೊತ್ತಿಲ್ಲವೆಂದು ಕಾಣುತ್ತದೆ. ಆಹಾರವನ್ನು ಮುಚ್ಚಿ ಕಾಯಿಸಿ ಕೆಡದಂತೆ ಇಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದ್ದರ ಹಿಂದೆಯೇ ಸೈನ್ಯದ ಹೊಟ್ಟೆಯ ಚಿಂತೆ ಇತ್ತು. ಸ್ಪ್ಯಾಮ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1937ರಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಬೆನ್ನೇರಿ ಊರೂರು ಸುತ್ತಿತು. ಕೊರಿಯಾದವರು ಅದನ್ನು ಹುಳಿ ಬಂದ ಕಿಮ್ಚಿಯ (ಎಲೆಕೋಸಿನ ಖಾರದ ಉಪ್ಪಿನಕಾಯಿಯ) ಜೊತೆ ಖಾರದ ಸಾರು ಮಾಡುತ್ತಾರೆ, ಹಬ್ಬಕ್ಕೆ ಉಡುಗೊರೆಯಾಗಿಯೂ ಕೊಡುತ್ತಾರೆ. ಆದ್ದರಿಂದ ಕಾಚಂಪುಳಿ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾಚಂಪುಳಿ ಕಾಲು ಚಮಚ, ಒಲೆ ಆರಿಸಿದ ಮೇಲೆ. ನೀವು ಬಹುಶಃ ಹಸಿ ಮಾಂಸದ ಅಳತೆಯಲ್ಲಿ ಸುರಿದಿದ್ದೀರಿ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಾವು ಮಕ್ಕಂದೂರಿನ ನೆಂಟರ ಮನೆಯಲ್ಲಿದ್ದೆವು. ದಾರಿ ಇಲ್ಲ, ಕರೆಂಟ್ ಇಲ್ಲ, ಏಳು ಜನ. ಅಕ್ಕಿ ಇತ್ತು, ಎರಡು ಡಬ್ಬಿ ಮಾಂಸ ಇತ್ತು. ಅನ್ನಕ್ಕೆ ಕಲಸಿ ಎರಡು ಹೊತ್ತು ತಿಂದೆವು. ಆಗ ಯಾರೂ ಹೆಸರು ಕೇಳಲಿಲ್ಲ. ನಮ್ಮ ಅಜ್ಜಿ ಒಲೆಯ ಮೇಲಿನ ಹೊಗೆಯಲ್ಲಿ ಮಾಂಸ ತೂಗಿಹಾಕಿ ಕಕ್ಕಡ ತಿಂಗಳಿಗೆ ಇಟ್ಟುಕೊಳ್ಳುತ್ತಿದ್ದರು, ಅದೂ ಮಳೆಗಾಲಕ್ಕೆ ಮಾಡಿಕೊಂಡ ಉಪಾಯವೇ. ರುಚಿಯ ಮಾತು ಬೇರೆ: ಅಜ್ಜಿಯದಕ್ಕೆ ಇದು ಸಾಟಿಯಲ್ಲ.

ಮಡಿಕೇರಿಯಿಂದ, ನರ್ಸ್:
ಡಬ್ಬಿಯ ಮೇಲಿನ ಪಟ್ಟಿ ಓದಿ. 56 ಗ್ರಾಂಗೆ 790 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಇಡೀ ಡಬ್ಬಿಯಲ್ಲಿ ಸುಮಾರು 12 ಗ್ರಾಂ ಉಪ್ಪು ಇದ್ದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಪರೂಪಕ್ಕೆ ತಿನ್ನಿ, ಬಿ.ಪಿ. ಇರುವ ಹಿರಿಯರಿಗೆ ಬಡಿಸಬೇಡಿ. ನಿಮ್ಮ ಅತ್ತೆ ತಟ್ಟೆ ಸರಿಸಿದ್ದು ಒಳ್ಳೆಯದೇ ಆಯಿತು.

ನಮ್ಮ ಮಳೆಯ ತೇವಕ್ಕೆ ಡಬ್ಬಿ ತುಕ್ಕು ಹಿಡಿಯುತ್ತದೆ. ಅಂಚಿನಲ್ಲಿ ತುಕ್ಕು ಆಳಕ್ಕೆ ಇಳಿದಿದ್ದರೆ, ಡಬ್ಬಿ ಉಬ್ಬಿದ್ದರೆ, ಒಡೆದಾಗ ಒಳಗಿನದು ಚಿಮ್ಮಿದರೆ ರುಚಿ ನೋಡಲೂ ಹೋಗಬೇಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾದ ವಿಷ ನರಗಳನ್ನೇ ಹಿಡಿಯುತ್ತದೆ. ಒಡೆದ ಮೇಲೆ ಉಳಿದದ್ದನ್ನು ಬೇರೆ ಪಾತ್ರೆಗೆ ತೆಗೆದು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಕರೆಂಟ್ ಇಲ್ಲದಿದ್ದರೆ ಆ ಹೊತ್ತಿಗೇ ಮುಗಿಸಿ.

ಸೋಮವಾರಪೇಟೆಯಿಂದ:
ಕಣಿಲೆಯ (ಎಳೆ ಬಿದಿರಿನ ಮೊಳಕೆಯ) ಜೊತೆ ಮಾಡಿ ನೋಡಿ. ಹೆಚ್ಚಿದ ಕಣಿಲೆಯನ್ನು ದಿನಾ ನೀರು ಬದಲಿಸಿ ಮೂರು ದಿನ ನೆನೆಸಿ, ಬೇಯಿಸಿ ಆ ನೀರನ್ನೂ ಚೆಲ್ಲಿ, ಉಪ್ಪಿಲ್ಲದೆ ತೆಂಗಿನಕಾಯಿ ಮಸಾಲೆಯಲ್ಲಿ ಕುದಿಸಿ. ಹುರಿದ ಮಾಂಸದ ತುಂಡನ್ನು ಇಳಿಸುವ ಐದು ನಿಮಿಷ ಮೊದಲು ಹಾಕಿದರೆ ಅದರ ಉಪ್ಪು ಕಣಿಲೆಗೆ ಸಾಕಾಗುತ್ತದೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟಿಗೆ ಹೊಂದುತ್ತದೆ.

ಕೇಳಿದವರು, ಎರಡು ವಾರದ ನಂತರ:
ಒಂದನ್ನು ಕಣಿಲೆಗೆ ಹಾಕಿದೆ. ಯಜಮಾನರು ಎರಡನೆಯ ಸಲ ಬಡಿಸಿಕೊಂಡರು. ಅತ್ತೆಯವರು ಕಣಿಲೆಯನ್ನಷ್ಟೇ ಆರಿಸಿ ತಿಂದು, ಮಾಂಸ ಯಾವಾಗ ತರುತ್ತೀಯಾ ಎಂದು ಮಗನನ್ನು ಕೇಳಿದರು. ಎರಡು ಡಬ್ಬಿಯನ್ನು ಒರೆಸಿ, ಅಕ್ಕಿಯ ಪಾತ್ರೆಯ ಪಕ್ಕದಲ್ಲಿ ಒಣ ಜಾಗದಲ್ಲಿ ಇಟ್ಟಿದ್ದೇನೆ.